"ಹೊಟ್ಟೆಪಾಡಿಗೆ ಏನು ಮಾಡ್ತೀಯ ಮಗಾ?"

ಹೋದ ಭಾನುವಾರ ಮಡಿಕೇರಿಯ ನಮ್ಮ ಮನೆಗೆ ನೆಂಟರು ಬಂದಿದ್ದರು. ಅಕ್ಕನ ಮಗಳು ನಾಟಕ ಕಲಿಯಲು ಹೋಗುತ್ತೇನೆ ಎಂದಳು. ದೊಡ್ಡವರೊಬ್ಬರು ಕಾಫಿ ಲೋಟ ಕೆಳಗಿಟ್ಟು, "ಹಾಡು ಕುಣಿತ ಎಲ್ಲ ಸರಿ, ಹೊಟ್ಟೆಪಾಡಿಗೆ ಏನು ಮಾಡ್ತೀಯ ಮಗಾ?" ಎಂದರು. ಅವಳು ಸುಮ್ಮನಾದಳು. ನನಗೆ ಸುಮ್ಮನಿರಲು ಆಗಲಿಲ್ಲ.

ಬಿ. ಜಯಶ್ರೀ ಅವರನ್ನೇ ನೋಡಿ ಎಂದೆ. ಗುಬ್ಬಿ ವೀರಣ್ಣನವರ ಮೊಮ್ಮಗಳು. ಪುಟ್ಟ ಮಗುವಾಗಿದ್ದಾಗಲೇ ಕಂಪನಿ ನಾಟಕದ ರಂಗ ಹತ್ತಿದವರು. ಅಷ್ಟಕ್ಕೇ ನಿಲ್ಲದೆ ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆಗೆ ಹೋಗಿ ಕಲಿತರು. 1976ರಲ್ಲಿ 'ಸ್ಪಂದನ' ತಂಡ ಕಟ್ಟಿದರು. ನಾಟಕ ಆಡಿಸಿದರು, ಸಿನಿಮಾಗಳಲ್ಲಿ ಹಾಡಿದರು, ಬೇರೆ ನಟಿಯರಿಗೆ ದನಿ ಕೊಟ್ಟರು. 2010ರಲ್ಲಿ ರಾಜ್ಯಸಭೆಗೆ ನಾಮನಿರ್ದೇಶನವಾಯಿತು, 2013ರಲ್ಲಿ ಪದ್ಮಶ್ರೀ ಬಂತು. ಎಲ್ಲರಿಗೂ ಹೀಗೆ ಆಗೋದಿಲ್ಲ, ಒಪ್ಪುತ್ತೇನೆ. ಆದರೆ ಗಮನಿಸಿ, ಅವರ ಬದುಕೂ ಒಂದೇ ಕೆಲಸದ ಮೇಲೆ ನಿಂತಿಲ್ಲ. ಮೆಣಸು, ಕಾಫಿ, ಕಿತ್ತಳೆ ಒಟ್ಟಿಗೆ ಬೆಳೆಯುವ ನಮಗೆ ಇದು ಅರ್ಥವಾಗಬೇಕು ಅಲ್ವಾ?

ಇನ್ನು ರಂಗದ ಮೇಲೆ ಹಾಡುತ್ತಾ ಕುಣಿಯುವ ದುಡಿಮೆಯ ವಿಷಯ. ಮೈಕ್ ಇಲ್ಲದ ಕಾಲದಲ್ಲಿ ಹಿಂದಿನ ಸಾಲಿನವನಿಗೂ ಕೇಳುವಂತೆ ಹಾಡಬೇಕಿತ್ತು. ಜನ "ಒನ್ಸ್ ಮೋರ್" ಅಂದರೆ ಮತ್ತೆ ಮೊದಲಿಂದ. ಕುಣಿಯುವಾಗ ಉಸಿರು ಕಾಲಿಗೂ ಬೇಕು, ಹಾಡಿಗೂ ಬೇಕು. ಎಲ್ಲಿ ಉಸಿರು ಎಳೆದುಕೊಂಡರೆ ಸಾಲು ಮುರಿಯುವುದಿಲ್ಲ ಅಂತ ಮೊದಲೇ ಲೆಕ್ಕ ಹಾಕಿರಬೇಕು. ನಂಬಿಕೆ ಇಲ್ಲದಿದ್ದರೆ ನಮ್ಮೂರಿನ ರಾಜಾಸೀಟ್ ಉದ್ಯಾನದ ಕಡೆಯ ಏರಿನಲ್ಲಿ ಬಿರಬಿರನೆ ನಡೆಯುತ್ತಾ ಒಂದು ಪೂರ್ತಿ ಪಲ್ಲವಿ ಹೇಳಿ ನೋಡಿ. ನಾನು ನೋಡಿದೆ. ಎರಡನೇ ಸಾಲಿಗೇ ಕೆಮ್ಮು ಬಂತು. (ವಯಸ್ಸೂ ಆಯಿತು, ಬಿಡಿ.)

ನಮ್ಮ ಕೊಡಗಿನ ಕುಣಿತ ಉಮ್ಮತ್ತಾಟ್ ಆಡುವ ಹೆಂಗಸರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಕೈಯಲ್ಲಿ ತಾಳ, ಬಾಯಲ್ಲಿ ಹಾಡು, ಕಾಲಲ್ಲಿ ಹೆಜ್ಜೆ. ಹರದಾಸ ಅಪ್ಪಚ್ಚಕವಿ ನೂರು ವರ್ಷಕ್ಕೂ ಹಿಂದೆಯೇ ಕೊಡವ ತಕ್ಕಿನಲ್ಲಿ, ಅಂದರೆ ಕೊಡವ ಭಾಷೆಯಲ್ಲಿ, ಹಾಡು ತುಂಬಿದ ನಾಟಕಗಳನ್ನು ಬರೆದರು. ಹಾಗಿದ್ದೂ ನಮ್ಮೂರಿನಲ್ಲಿ ಇದು ಹಬ್ಬದ ಸಂಭ್ರಮ ಮಾತ್ರ, ಕೆಲಸ ಅಲ್ಲ. ದಸರಾದಲ್ಲಿ ಗಾಂಧಿ ಮೈದಾನದ ಕಾರ್ಯಕ್ರಮಕ್ಕೆ ಮುಂದಿನ ಸಾಲಿನ ಕುರ್ಚಿ ಹಿಡಿಯಲು ಬೇಗ ಹೊರಡುವವರೇ ಮನೆ ಹುಡುಗಿ ರಂಗಕ್ಕೆ ಹೊರಟರೆ ಮುಖ ಸಣ್ಣ ಮಾಡುತ್ತಾರೆ.

ಸಂಪಾದನೆ ಖಾತ್ರಿ ಇಲ್ಲ ಅನ್ನೋದು ನಿಜ. ಜೊತೆಗೆ ಮಕ್ಕಳಿಗೆ ಹಾಡು ಹೇಳಿಕೊಡೋದನ್ನೂ ಕಲಿ ಅಂತ ಅವಳಿಗೆ ನಾನೇ ಹೇಳಿದ್ದೇನೆ. "ಆಯ್ತು ಚಿಕ್ಕಮ್ಮ" ಎಂದಿದ್ದಾಳೆ.

ಆ ದೊಡ್ಡವರು ಹೊರಡುವಾಗ ಚಪ್ಪಲಿ ಮೆಟ್ಟುತ್ತಾ, "ಒಂದು ಹಾಡು ಹೇಳು ಮಗಾ, ಕೇಳಿ ಹೋಗ್ತೀನಿ" ಎಂದರು. ಹೇಳಿದಳು. ಚಪ್ಪಲಿ ಬಿಟ್ಟು ಮತ್ತೆ ಒಳಗೆ ಬಂದು ಕೂತರು. ಮೂರು ಹಾಡು ಆಯಿತು. ದುಡ್ಡು ಮಾತ್ರ ಯಾರೂ ಕೊಡಲಿಲ್ಲ.