ಕಣ್ಣಿಗೆ ಕಾಣದ ಹಾಗೆ ಸಾಯಲಿ ಎನ್ನುವವರಿಗೆ

ಕಳೆದ ಭಾನುವಾರ ಶಿವಮೊಗ್ಗದ ನಮ್ಮ ಬಡಾವಣೆಯ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಸ್ಪ್ರಿಂಗ್ ಇರುವ ಇಲಿಬೋನು ಕೊಡಿ ಎಂದು ಕೇಳಿದೆ. ಪುಟ್ಟ ಹಲಗೆಯ ಮೇಲೆ ದಪ್ಪ ತಂತಿ ಇರುತ್ತದಲ್ಲ, ಇಲಿ ತಿಂಡಿ ಮುಟ್ಟಿದ ಕೂಡಲೇ ಫಟ್ಟೆಂದು ಬಡಿಯುತ್ತದಲ್ಲ, ಅದು. ಅಂಗಡಿಯವರು ಹದಿನೈದು ವರ್ಷಗಳ ಪರಿಚಯದವರು. "ಅಯ್ಯೋ ಮೇಡಂ, ಅದನ್ನು ಈಗ ಯಾರು ಕೇಳುತ್ತಾರೆ? ರಕ್ತ, ಗಲೀಜು. ಇದನ್ನು ಒಯ್ಯಿರಿ, ಸಿಕ್ಕಿದ ಮೇಲೆ ಮಡಚಿ ಕಸಕ್ಕೆ ಹಾಕಿದರಾಯಿತು" ಎಂದು ಪುಸ್ತಕದಂತೆ ಮಡಚಿಟ್ಟ ಗಮ್ ಪ್ಯಾಡ್ ಒಂದನ್ನು ಮುಂದಿಟ್ಟರು.

ನಾನು ಅದನ್ನು ಕೈಯಲ್ಲಿ ಮುಟ್ಟಲಿಲ್ಲ. ಆರು ವರ್ಷಗಳ ಹಿಂದೆ ಇಂಥದ್ದೇ ಒಂದನ್ನು ಅಡುಗೆಮನೆಯಲ್ಲಿ ಇಟ್ಟಿದ್ದೆ. ರಾತ್ರಿ ಎರಡು ಗಂಟೆಗೆ ಕೀರಲು ದನಿ ಕೇಳಿಸಿತು. ಎದ್ದು ಹೋಗಿ ದೀಪ ಹಾಕಿದರೆ ಬೆರಳುದ್ದದ ಇಲಿಯೊಂದು ನಾಲ್ಕೂ ಕಾಲು ಅಂಟಿಕೊಂಡು ಬಿದ್ದಿತ್ತು. ಬಿಡಿಸಿಕೊಳ್ಳಲು ಎಳೆದಂತೆಲ್ಲ ಹೊಟ್ಟೆಯ ಕಡೆಯ ಚರ್ಮ ಕಿತ್ತು ಬರುತ್ತಿತ್ತು. ಏನು ಮಾಡಬೇಕೆಂದು ತೋಚದೆ ದೀಪ ಆರಿಸಿ ಬಂದು ಮಲಗಿದೆ. ಬೆಳಿಗ್ಗೆ ಪ್ಯಾಡನ್ನು ಮಡಚಿ, ಹಾಲಿನ ಖಾಲಿ ಕವರುಗಳ ಜೊತೆ ಕಸದ ಬುಟ್ಟಿಗೆ ಹಾಕಿದೆ. ಕಸದ ಗಾಡಿ ಬಂದಾಗ ಹಸಿ ಕಸ, ಒಣ ಕಸ ಬೇರೆ ಮಾಡುತ್ತಿದ್ದ ಪೌರಕಾರ್ಮಿಕ ಮಹಿಳೆ ಅದನ್ನು ಬಿಡಿಸಿ ನೋಡಿ, "ಅಮ್ಮಾ, ಇದು ಇನ್ನೂ ಉಸಿರಾಡುತ್ತಿದೆ" ಎಂದರು. ಆಕೆಯ ದನಿಯಲ್ಲಿ ಕೋಪ ಇರಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು. ನಾನು ತಂದಿಟ್ಟ ಸಂಕಟವನ್ನು ಕೈಗವಸು ಕೂಡ ಇಲ್ಲದ ಆಕೆಯ ಕೈಗೆ ದಾಟಿಸಿದ್ದೆ.

ಇಲಿಯನ್ನು ಕೊಲ್ಲಲೇಬಾರದು ಎಂದು ನಾನು ಹೇಳುತ್ತಿಲ್ಲ, ಇದು ಮೊದಲೇ ಸ್ಪಷ್ಟವಾಗಿರಲಿ. ಮಲೆನಾಡಿನಲ್ಲಿ ಮಳೆಗಾಲ ಬಂತೆಂದರೆ ಇಲಿ ಜ್ವರದ ಮಾತು ಬಂದೇ ಬರುತ್ತದೆ. ಇಲಿಯ ಮೂತ್ರ ಬೆರೆತ ನೀರು, ಕೆಸರು, ಕಾಲಿನ ಒಂದು ಸಣ್ಣ ಗಾಯ, ಇಷ್ಟು ಸಾಕು. ಮೂತ್ರಪಿಂಡ ಮತ್ತು ಯಕೃತ್ತು ಕೆಟ್ಟು ಜೀವಕ್ಕೇ ಅಪಾಯ ಬರಬಹುದು. ಅಕ್ಕಿಯ ಡಬ್ಬಿಯ ಹಿಂದೆ ಹಿಕ್ಕೆ ಕಂಡರೆ ಸುಮ್ಮನಿರುವುದು ದಯೆಯಲ್ಲ. ನಾನು ಕೇಳುತ್ತಿರುವುದು ಒಂದೇ: ಕೊಲ್ಲಲೇಬೇಕಾದಾಗ ಆ ಜೀವಕ್ಕೆ ಎಷ್ಟು ಹೊತ್ತು ನೋವು ಕೊಡುತ್ತೀರಿ, ಮತ್ತು ಆ ಹೊತ್ತಿನಲ್ಲಿ ನೀವು ಎಲ್ಲಿರುತ್ತೀರಿ?

ನನ್ನ ಅಮ್ಮ ಈಗಲೂ ಸಾಗರದ ಬಳಿಯ ಊರಿನ ಮನೆಯಲ್ಲಿದ್ದಾರೆ. ಅಟ್ಟದ ತುಂಬ ಅಡಿಕೆ ಚೀಲಗಳು, ತೆಂಗಿನಕಾಯಿ. ಇಲಿಗಳಿಗೆ ಅದಕ್ಕಿಂತ ಒಳ್ಳೆಯ ವಸತಿ ಇನ್ನೆಲ್ಲಿ? ಅಮ್ಮನದು ಒಂದೇ ಮಾತು: "ಕಣ್ಣಿಗೆ ಕಾಣದ ಹಾಗೆ ಎಲ್ಲಾದರೂ ಹೋಗಿ ಸಾಯಲಿ." ಹಾಗಾಗಿ ಅವರಿಗೆ ಇಲಿಪಾಷಾಣವೇ ಇಷ್ಟ. ಅಂಗಡಿಯಲ್ಲಿ ಸಿಗುವ ನೀಲಿ, ಹಸಿರು ಬಿಲ್ಲೆಗಳಲ್ಲಿ ಹೆಚ್ಚಾಗಿ ಇರುವುದು ಬ್ರೊಮಾಡಿಯೋಲೋನ್ ಎಂಬ ವಿಷ. ಅದು ದೇಹದಲ್ಲಿ ವಿಟಮಿನ್ ಕೆ ಮತ್ತೆ ಮತ್ತೆ ಬಳಕೆಯಾಗುವುದನ್ನು ತಡೆಯುತ್ತದೆ. ರಕ್ತ ಹೆಪ್ಪುಗಟ್ಟುವುದು ನಿಲ್ಲುತ್ತದೆ. ತಿಂದ ಇಲಿ ಆಗಲೇ ಸಾಯುವುದಿಲ್ಲ. ಕೆಲವು ದಿನ ಬದುಕಿದ್ದು, ಒಳಗೊಳಗೇ ರಕ್ತ ಸೋರಿ, ನಡೆಯಲಾಗದೆ ನಿಧಾನವಾಗುತ್ತದೆ. ಆ ನಿಧಾನವಾದ ಇಲಿಯೇ ಬೆಕ್ಕಿಗೆ, ಗೂಬೆಗೆ, ಕೇರೆಹಾವಿಗೆ ಸುಲಭದ ಊಟ.

ಚಿನ್ನಿ ಎಂಬ ಬೆಕ್ಕು ನಮ್ಮ ಊರಿನ ಮನೆಯಲ್ಲಿ ಒಂಬತ್ತು ವರ್ಷ ಇತ್ತು. ಒಂದು ದಿನ ಒಸಡಿನಿಂದ ರಕ್ತ ಒಸರಲು ಶುರುವಾಯಿತು. ಪಶುವೈದ್ಯರು ನೋಡಿದ ಕೂಡಲೇ ಕೇಳಿದ್ದು, "ಸುತ್ತಮುತ್ತ ಯಾರಾದರೂ ಇಲಿಗೆ ವಿಷ ಇಟ್ಟಿದ್ದಾರೆಯೇ?" ಇಟ್ಟವರು ನಾವೇ. ವಿಟಮಿನ್ ಕೆ ಚುಚ್ಚುಮದ್ದು ಕೊಟ್ಟರು, ಆದರೆ ತಡವಾಗಿತ್ತು. ಇಲಿ ಹಿಡಿಯಲೆಂದೇ ಸಾಕಿದ ಜೀವವನ್ನು ಇಲಿಯ ಮೂಲಕವೇ ಕೊಂದೆವು. ಅಮ್ಮ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಅದಕ್ಕಿಂತ ಹಳೆಯ ವಿಷಗಳ ಕಥೆ ಇನ್ನೂ ಭಯಂಕರ. ಕಪ್ಪು ಪುಡಿಯಾಗಿ ಸಿಗುವ ಜಿಂಕ್ ಫಾಸ್ಫೈಡ್ ಹೊಟ್ಟೆಯ ಆಮ್ಲದೊಂದಿಗೆ ಸೇರಿ ಫಾಸ್ಫೀನ್ ಎಂಬ ವಿಷಾನಿಲವಾಗುತ್ತದೆ. ಹಳದಿ ರಂಜಕ ಇರುವ ಪೇಸ್ಟ್ ಟ್ಯೂಬಿನಲ್ಲಿ ಬರುತ್ತದೆ, ನೋಡಲು ಥೇಟ್ ಹಲ್ಲುಜ್ಜುವ ಪೇಸ್ಟು. ನಿದ್ದೆಗಣ್ಣಿನಲ್ಲಿ ಅದರಿಂದಲೇ ಹಲ್ಲುಜ್ಜಿ ಸತ್ತವರ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಓದಿದ್ದೇವೆ. ಆ ವಿಷ ಯಕೃತ್ತನ್ನು ಸುಡುತ್ತದೆ, ಅದಕ್ಕೆ ಪ್ರತಿವಿಷ ಇಲ್ಲ. 2024ರ ಆಗಸ್ಟ್‌ನಲ್ಲಿ ಬೆಂಗಳೂರಿನ ವಿದ್ಯಾರ್ಥಿನಿಲಯವೊಂದರಲ್ಲಿ ಇಲಿಗೆಂದು ಹಾಕಿದ ಔಷಧದ ಗಾಳಿ ಕುಡಿದು ಹುಡುಗರು ಆಸ್ಪತ್ರೆ ಸೇರಿದ್ದು ನೆನಪಿರಬಹುದು. ಇಂಥದ್ದನ್ನು ಹಾಲು, ಹಣ್ಣು, ಮಕ್ಕಳ ತಿಂಡಿ ಇರುವ ಮನೆಯೊಳಗೆ ತಂದಿಟ್ಟುಕೊಂಡು "ಗಲೀಜಿಲ್ಲ" ಎಂದು ಸಮಾಧಾನಪಡುತ್ತೇವೆ. ಗೋಡೆಯ ಸಂದಿಯಲ್ಲಿ ಸತ್ತ ಇಲಿ ಎಂಟು ದಿನ ನಾರಿದಾಗ ಗಲೀಜು ಎಂದರೇನು ಎಂದು ಗೊತ್ತಾಗುತ್ತದೆ.

ಇನ್ನು ಜೀವಂತ ಹಿಡಿಯುವ ತಂತಿಯ ಪೆಟ್ಟಿಗೆ. ಅಹಿಂಸೆ ಎಂದು ಅದನ್ನು ತರುವವರು ಬಹಳ. ಆದರೆ ಹಿಡಿದ ಮೇಲೆ? ಬೀದಿಯ ಕೊನೆಯ ಖಾಲಿ ನಿವೇಶನದಲ್ಲಿ ಬಿಟ್ಟರೆ ಅದು ಹಿಂದಿರುಗುತ್ತದೆ, ಇಲ್ಲವೇ ಪಕ್ಕದವರ ಮನೆ ಸೇರುತ್ತದೆ. ದೂರ ಬಿಟ್ಟರೆ ಗೊತ್ತಿಲ್ಲದ ಜಾಗದಲ್ಲಿ ಅದು ಬಾಳುವುದು ಕಷ್ಟ. ಇದೆಲ್ಲ ಬೇಡವೆಂದು ಪೆಟ್ಟಿಗೆಯನ್ನೇ ಬಕೆಟ್ ನೀರಿನಲ್ಲಿ ಮುಳುಗಿಸುವುದನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಬಕೆಟ್ಟಿನ ಪಕ್ಕದಲ್ಲಿ ನಿಂತು ನೋಡಿದವರಿಗೆ ಅದು ಎಷ್ಟು ದೀರ್ಘವೆಂದು ಗೊತ್ತು.

ಹೀಗೆ ಒಂದೊಂದನ್ನೇ ಬಿಟ್ಟು ಬಂದು ನಾನು ನಿಂತದ್ದು ಸ್ಪ್ರಿಂಗ್ ಬೋನಿನ ಮುಂದೆ. ಈ ಸರಳ ಯಂತ್ರಕ್ಕೆ ನೂರ ಮೂವತ್ತು ವರ್ಷ ದಾಟಿದೆ. ಅಮೆರಿಕದ ಇಲಿನಾಯ್ ರಾಜ್ಯದ ವಿಲಿಯಂ ಹೂಕರ್ ಎಂಬಾತನಿಗೆ ಇದರ ಪೇಟೆಂಟ್ ಸಿಕ್ಕಿದ್ದು 1894ರಲ್ಲಿ. ಅದೇ ವರ್ಷ ಹಾಂಗ್‌ಕಾಂಗ್‌ನಲ್ಲಿ ಅಲೆಕ್ಸಾಂಡರ್ ಯರ್ಸಿನ್ ಪ್ಲೇಗಿನ ರೋಗಾಣುವನ್ನು ಗುರುತಿಸಿದರು. 1898ರಲ್ಲಿ ಪಾಲ್ ಲೂಯಿ ಸಿಮೊಂಡ್ ಕರಾಚಿಯಲ್ಲಿ ಇಲಿಯ ಮೈಮೇಲಿನ ಚಿಗಟವೇ ರೋಗ ದಾಟಿಸುತ್ತದೆ ಎಂದು ತೋರಿಸಿದರು. ಅದೇ 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಬಸವನಗುಡಿ, ಮಲ್ಲೇಶ್ವರಗಳ ಅಗಲ ಬೀದಿಗಳ ಹಿಂದೆ ಆ ಭಯ ಇದೆ. ಪ್ಲೇಗಮ್ಮನ ಗುಡಿಗಳ ಹಿಂದೆಯೂ ಇದೆ. ನನ್ನ ಅಜ್ಜಿಯ ತವರು ತುಮಕೂರಿನ ಕಡೆ. "ಮನೆಯಲ್ಲಿ ಇಲಿ ಬಿತ್ತು ಎಂದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಬೇಕು" ಎಂದು ತಾನು ಚಿಕ್ಕಂದಿನಲ್ಲಿ ಕೇಳಿದ್ದನ್ನು ಹೇಳುತ್ತಿದ್ದರು. ಸತ್ತ ಇಲಿ ಎಲ್ಲಿ ಬಿದ್ದಿದೆ ಎಂದು ಮನೆಯವರಿಗೆ ಗೊತ್ತಿರಲೇಬೇಕು ಎಂಬುದು ಆ ಕಾಲದ ತಿಳಿವಳಿಕೆ. ಇಂದು ಅದು ಎಲ್ಲಿ ಬಿತ್ತೆಂದು ಗೊತ್ತಾಗದಿರುವುದನ್ನೇ ಅನುಕೂಲ ಎಂದುಕೊಂಡಿದ್ದೇವೆ.

ಸ್ಪ್ರಿಂಗ್ ಬೋನು ಸರಿಯಾಗಿ ಬಡಿದರೆ ಪೆಟ್ಟು ಕತ್ತಿನ ಮೇಲೆ ಅಥವಾ ತಲೆಯ ಮೇಲೆ ಬೀಳುತ್ತದೆ, ಕ್ಷಣಗಳಲ್ಲಿ ಮುಗಿಯುತ್ತದೆ. "ಸರಿಯಾಗಿ" ಎಂಬ ಮಾತು ಇಲ್ಲಿ ಮುಖ್ಯ. ಮೊದಲ ಸಲ ನಾನು ಇಟ್ಟದ್ದು ಸರಿಯಾಗಿರಲಿಲ್ಲ. ನಡುಮನೆಯಲ್ಲಿ, ಗೋಡೆಯಿಂದ ಒಂದು ಮೊಳ ದೂರದಲ್ಲಿ, ತುಂಡು ತೆಂಗಿನಕಾಯಿಯನ್ನು ಸುಮ್ಮನೆ ಬೋನಿನ ತಿಂಡಿ ಇಡುವ ತಗಡಿನ ಮೇಲಿಟ್ಟು ಮಲಗಿದೆ. ಬಂದದ್ದು ದೊಡ್ಡ ಇಲಿ, ನಾನಿಟ್ಟದ್ದು ಚಿಕ್ಕ ಬೋನು. ಹಿಂಗಾಲು ಸಿಕ್ಕಿಕೊಂಡು ಅದು ಬೋನನ್ನೇ ಎಳೆದುಕೊಂಡು ಕಪಾಟಿನ ಕೆಳಗೆ ಹೋಗಿತ್ತು. ಕೋಲು ತಂದು ನಾನೇ ಮುಗಿಸಬೇಕಾಯಿತು. ಕೈ ನಡುಗುತ್ತಿತ್ತು, ಅತ್ತುಬಿಟ್ಟೆ. ಇನ್ನು ಈ ಬೋನೂ ಬೇಡ ಎಂದುಕೊಂಡೆ. ಆಮೇಲೆ ಅನ್ನಿಸಿತು, ತಪ್ಪು ಬೋನಿನದಲ್ಲ. ಇಡುವುದನ್ನು ಕಲಿಯದೆ ಇಟ್ಟವಳದು.

ಆದ್ದರಿಂದ ಕಲಿತದ್ದನ್ನು ಹೇಳುತ್ತೇನೆ, ದಯವಿಟ್ಟು ಗಮನವಿಟ್ಟು ಓದಿ. ಚಿಟ್ಟಿಲಿಗೆ ಚಿಕ್ಕ ಬೋನು, ಮನೆಯ ದೊಡ್ಡ ಇಲಿಗೆ ದೊಡ್ಡದು, ಇದರಲ್ಲಿ ರಾಜಿ ಬೇಡ. ಮೋರಿಯಿಂದ ಬರುವ ಹೆಗ್ಗಣಕ್ಕೆ ಈ ಬೋನು ಸಾಲುವುದಿಲ್ಲ, ಅದಕ್ಕೆ ಇಟ್ಟು ಹಿಂಸೆ ಮಾಡಬೇಡಿ. ಮೋರಿಯ ಬಾಯಿಗೆ ಗಟ್ಟಿ ಜಾಲರಿ ಹಾಕಿಸಿ. ಮನೆಗೆ ತಂದ ಬೋನನ್ನು ಮೊದಲು ಒಂದು ಕ್ಯಾರೆಟ್ ತುದಿಯಿಂದ ಮುಟ್ಟಿ ನೋಡಿ. ಪೆಟ್ಟು ಮೆತ್ತಗಿದ್ದರೆ ಅಂಗಡಿಗೆ ವಾಪಸ್ ಕೊಡಿ. ಸ್ಪ್ರಿಂಗ್ ದುರ್ಬಲವಾದ ಬೋನಿಗಿಂತ ಬೋನೇ ಇಲ್ಲದಿರುವುದು ಮೇಲು.

ಇಲಿಗೆ ದೃಷ್ಟಿ ಮಂದ. ಅದು ಮೀಸೆಯನ್ನು ಗೋಡೆಗೆ ತಾಗಿಸಿಕೊಂಡೇ ಓಡಾಡುತ್ತದೆ, ದಿನವೂ ಅದೇ ದಾರಿ. ಅದರ ಮೈಯ ಜಿಡ್ಡು ತಾಗಿ ಗೋಡೆಯ ಬುಡದಲ್ಲಿ ಕಪ್ಪು ಗೆರೆ ಬಿದ್ದಿರುತ್ತದೆ, ಹಿಕ್ಕೆಯೂ ಅಲ್ಲೇ. ಬೋನನ್ನು ಅಲ್ಲಿ, ಗೋಡೆಗೆ ಅಡ್ಡಲಾಗಿ, ತಿಂಡಿ ಇಡುವ ತುದಿ ಗೋಡೆಗೆ ತಾಗುವಂತೆ ಇಡಬೇಕು. ಆಗ ಇಲಿ ಯಾವ ಕಡೆಯಿಂದ ಬಂದರೂ ತಲೆಯೇ ಮೊದಲು ತಂತಿಯ ಕೆಳಗೆ ಬರುತ್ತದೆ. ನನ್ನ ಕಪಾಟಿನ ಕೆಳಗಿನ ಆ ರಾತ್ರಿಯನ್ನು ತಪ್ಪಿಸಬಹುದಾಗಿದ್ದದ್ದು ಇಷ್ಟೇ ತಿಳಿವಳಿಕೆ.

ತಿಂಡಿ ಕಡಲೆಕಾಳಿನಷ್ಟು ಸಾಕು. ಸುಟ್ಟ ಕೊಬ್ಬರಿ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿದೆ, ಹುರಿದ ಶೇಂಗಾ ಅರೆದು ಬೆಲ್ಲ ಸೇರಿಸಿದ್ದೂ ಸರಿ. ಕೊಬ್ಬರಿಯನ್ನು ದಾರದಿಂದ ತಗಡಿಗೆ ಕಟ್ಟಿ, ಕಚ್ಚಿ ಎಳೆದರೆ ಮಾತ್ರ ಬರಬೇಕು. ಒಣಮೀನು ಇಟ್ಟರೆ ಸೊಂಡಿಲಿ ಬರುವ ಸಾಧ್ಯತೆ ಹೆಚ್ಚು. ಉದ್ದ ಮೂತಿಯ, ಗಾಟು ವಾಸನೆಯ ಆ ಪ್ರಾಣಿ ಇಲಿಯ ಜಾತಿಯದೇ ಅಲ್ಲ, ಹುಳು ಹುಪ್ಪಟೆ ತಿಂದು ಬದುಕುವಂಥದ್ದು. ಜಿರಳೆ ತಿನ್ನುವ ಅದನ್ನು ಕೊಂದು ಲಾಭವೇನು?

ಚಿಟ್ಟಿಲಿಗೆ ಕುತೂಹಲ ಜಾಸ್ತಿ, ಮೊದಲ ರಾತ್ರಿಯೇ ಬಂದು ನೋಡುತ್ತದೆ. ದೊಡ್ಡ ಇಲಿಗೆ ಹೊಸ ವಸ್ತು ಎಂದರೆ ಅನುಮಾನ. ಅದಕ್ಕೆ ಮೂರು ನಾಲ್ಕು ದಿನ ಸ್ಪ್ರಿಂಗ್ ಏರಿಸದೆ ಬರೀ ತಿಂಡಿ ಇಟ್ಟು ರೂಢಿ ಮಾಡಿಸಬೇಕು. ಹೀಗೆ ನಂಬಿಸಿ ಕೊಲ್ಲುವುದು ನನಗೆ ಹಿತವಾದ ಕೆಲಸವಲ್ಲ. ಆದರೆ ಒಂದೇ ಬೋನನ್ನು ತಿಂಗಳುಗಟ್ಟಲೆ ಇಟ್ಟು, ಅಷ್ಟರಲ್ಲಿ ಮೂರು ವಾರಕ್ಕೊಮ್ಮೆ ಮರಿ ಹಾಕಬಲ್ಲ ಜೀವ ಐದಾರು ಮರಿ ಹಾಕಿ, ಆಮೇಲೆ ಅವನ್ನೂ ಕೊಲ್ಲುವುದಕ್ಕಿಂತ ಇದು ಮೇಲು. ನಾಲ್ಕೋ ಆರೋ ಬೋನುಗಳನ್ನು ಒಟ್ಟಿಗೆ ಇಟ್ಟು ಎರಡು ರಾತ್ರಿಯಲ್ಲಿ ಮುಗಿಸಿ.

ಮಕ್ಕಳು, ಬೆಕ್ಕು, ಅಳಿಲು ಇರುವ ಕಡೆ ಬೋನನ್ನು ಬಯಲಿನಲ್ಲಿ ಇಡಲೇಬಾರದು. ದೊಡ್ಡ ಬೋನು ಮಗುವಿನ ಬೆರಳು ಮುರಿಯಬಲ್ಲದು. ರಟ್ಟಿನ ಪೆಟ್ಟಿಗೆಯ ಎರಡು ಬದಿಗೆ ಇಲಿ ತೂರುವಷ್ಟು ತೂತು ಮಾಡಿ ಅದರೊಳಗೆ ಇಡಿ. ಬೆಳಗಾಗುತ್ತಲೇ ನೋಡಬೇಕು, ಸಂಜೆಗೆ ನೋಡಿದರಾಯಿತು ಎನ್ನಬಾರದು. ಸತ್ತ ಇಲಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ಕೈಗವಸು ಹಾಕಿ ಆಳವಾಗಿ ಹೂಳಿ. ಒಣಗಿದ ಹಿಕ್ಕೆಯನ್ನು ಪೊರಕೆಯಿಂದ ಗುಡಿಸಿದರೆ ಧೂಳು ಉಸಿರಿಗೆ ಸೇರುತ್ತದೆ; ಬ್ಲೀಚಿಂಗ್ ಪೌಡರ್ ಕಲಸಿದ ನೀರಿನಿಂದ ನೆನೆಸಿ ಒರೆಸಿ.

ಇಷ್ಟೆಲ್ಲ ಮಾಡಿ ಗೋಡೆಯ ತೂತು ಹಾಗೇ ಬಿಟ್ಟರೆ ಮಾಡಿದ ಕೊಲೆಗೆ ಅರ್ಥವೇ ಇಲ್ಲ. ಪೆನ್ಸಿಲ್ ತೂರುವ ಸಂದಿ ಇದ್ದರೆ ಚಿಟ್ಟಿಲಿ ತೂರುತ್ತದೆ. ನಮ್ಮ ಮನೆಯಲ್ಲಿ ದಾರಿ ಇದ್ದದ್ದು ಸಿಂಕ್ ಕೆಳಗೆ, ಪೈಪು ಗೋಡೆಯೊಳಗೆ ಹೋಗುವಲ್ಲಿ. ಪಾತ್ರೆ ತಿಕ್ಕುವ ಉಕ್ಕಿನ ನಾರು ತುರುಕಿ, ಮೇಲೆ ಸಿಮೆಂಟ್ ಮೆತ್ತಿದೆವು. ಊರಿನಲ್ಲಿ ಹಿರಿಯರು ಗಾರೆಗೆ ಗಾಜಿನ ಚೂರು ಬೆರೆಸಿ ಬಿಲ ಮುಚ್ಚುತ್ತಿದ್ದರು, ಅದೂ ಸರಿಯೇ. ಒಂದು ತೂತು ಮುಚ್ಚಿದ್ದು ಎಷ್ಟು ಇಲಿಗಳ ಜೀವ ಉಳಿಸಿತೋ! ನಾನು ಹಿಡಿದ ಕೊನೆಯ ಇಲಿ ಅದಾದ ಮೂರನೆಯ ದಿನದ್ದು.

ಅಮ್ಮನಿಗೆ ಇನ್ನೂ ಸಮಾಧಾನವಿಲ್ಲ. "ಗಣಪತಿಯ ವಾಹನವನ್ನು ಕೈಯಾರೆ ಕೊಲ್ಲುತ್ತೀಯಲ್ಲೇ" ಎನ್ನುತ್ತಾರೆ. ನನಗೂ ಪ್ರತಿ ಸಲ ಸಂಕಟವಾಗುತ್ತದೆ, ಆಗಬೇಕು ಕೂಡ. "ವಿಷ ಇಟ್ಟದ್ದೂ ನಮ್ಮ ಕೈಯೇ ಅಲ್ಲವೇನಮ್ಮ?" ಎಂದೆ. ಚಿನ್ನಿಯ ನೆನಪಾಯಿತೋ ಏನೋ, ಸುಮ್ಮನಾದರು. ಮುಂದಿನ ವಾರ ಅಟ್ಟಕ್ಕೆ ಆರು ಬೋನು ತರಲು ಹೇಳಿದ್ದಾರೆ. ವಿಷದ ಬಿಲ್ಲೆಗಳ ಡಬ್ಬಿಯನ್ನು ಮಾತ್ರ ಇನ್ನೂ ನನ್ನ ಕೈಗೆ ಕೊಟ್ಟಿಲ್ಲ.

ಅಂಗಡಿಯವರಿಗೂ ಅಂದು ಕೌಂಟರಿನ ಮುಂದೆಯೇ ನಿಂತು ಇದನ್ನೆಲ್ಲ ಹೇಳಿದೆ. ಪ್ರಾಣಿಗಳಿಗೆ ಅನಗತ್ಯ ನೋವು ಕೊಡುವುದನ್ನು ನಮ್ಮ 1960ರ ಕಾಯ್ದೆಯೇ ತಡೆಯುತ್ತದೆ, ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯೂ ಈ ಅಂಟಿನ ಹಲಗೆ ಬೇಡ ಎಂದು ರಾಜ್ಯಗಳಿಗೆ ಬರೆದಿದೆ ಎಂದೆ. ಇಂಗ್ಲೆಂಡಿನಲ್ಲಿ 2024ರ ಜುಲೈ ಅಂತ್ಯದಿಂದ ಮನೆಯವರು ಇದನ್ನು ಇಡುವುದೇ ಅಪರಾಧ ಎಂದೂ ಹೇಳಿದೆ. ಕಾಯ್ದೆಯ ಮಾತಿಗೆ ತಲೆಯಾಡಿಸಿ ಸುಮ್ಮನಿದ್ದರು. ಕಸದ ಗಾಡಿಯ ಆ ಮಹಿಳೆಯ ಮಾತು ಹೇಳಿದಾಗ ಬಿಲ್ ಬರೆಯುತ್ತಿದ್ದ ಪೆನ್ನು ನಿಲ್ಲಿಸಿದರು. ನಿನ್ನೆ ಫೋನ್ ಮಾಡಿ, "ಮೇಡಂ, ಒಂದು ಡಜನ್ ಬೋನು ತರಿಸಿದ್ದೇನೆ, ಸ್ಪ್ರಿಂಗ್ ಗಟ್ಟಿ ಇದೆ, ಬಂದು ನೋಡಿ" ಎಂದರು. ಗಮ್ ಪ್ಯಾಡುಗಳನ್ನು ಏನು ಮಾಡಿದಿರಿ ಎಂದು ಕೇಳಿದೆ. ಇರುವುದು ಖಾಲಿಯಾಗಲಿ ಎಂದರು. ಎಷ್ಟಿವೆ ಎಂದು ನಾಳೆ ಹೋಗಿ ಎಣಿಸುತ್ತೇನೆ, ಅಷ್ಟನ್ನೂ ನಾನೇ ಕೊಂಡು ತರುತ್ತೇನೆ.