ಅನಾನ್ಸಿಯನ್ನು ಒಳ್ಳೆ ಹುಡುಗ ಮಾಡಬೇಡಿ

ವೆಸ್ಟ್ ಇಂಡೀಸ್ ಅಂದ ತಕ್ಷಣ ನಮಗೆ ನೆನಪಾಗೋದು ರಿಚರ್ಡ್ಸ್, ಲಾರಾ, ಗೇಲ್. ಆದರೆ ಅಲ್ಲಿನ ಮಕ್ಕಳ ಹಳೇ ಹೀರೋ ಒಂದು ಜೇಡ. ಹೆಸರು ಅನಾನ್ಸಿ. ಕಳ್ಳ, ಸುಳ್ಳ, ಹೊಟ್ಟೆಬಾಕ, ಮೈಗಳ್ಳ.

ಅವನ ಮೂಲ ಈಗಿನ ಘಾನಾದ ಅಕಾನ್ ಜನರ ಕತೆಗಳು. ಗುಲಾಮರ ಜೊತೆ ಅವನೂ ಜಮೈಕಾಕ್ಕೆ ಬಂದ. ಬೆಳಗಿಂದ ರಾತ್ರಿವರೆಗೆ ಕಬ್ಬಿನ ತೋಟದಲ್ಲಿ ಏಟು ತಿಂದು ದುಡಿಯುವವರಿಗೆ, ಪುಟ್ಟ ಜೇಡ ಹುಲಿಗೆ ತಡಿ ಕಟ್ಟಿ ಸವಾರಿ ಮಾಡಿದ ಕತೆ ಯಾಕೆ ಅಷ್ಟು ಇಷ್ಟವಾಯಿತು ಅಂತ ಬಿಡಿಸಿ ಹೇಳಬೇಕಾ? ಹುಲಿ ಯಾರು ಅಂತ ಕೇಳುವವರಿಗೆಲ್ಲ ಗೊತ್ತಿತ್ತು. (ಜಮೈಕಾದ ಕಾಡಲ್ಲಿ ಹುಲಿಯೇ ಇಲ್ಲ, ಅದು ಬೇರೆ ಮಾತು!)

ಇಂಥವನ ಮೇಲೆ ಒಂದು ದೂರು ಇದ್ದೇ ಇದೆ, ಮಕ್ಕಳಿಗೆ ಮೋಸ ಕಲಿಸುತ್ತಾನೆ ಅಂತ. ಅದಕ್ಕೇ ಅವನ ಮುಖ ತೊಳೆದು, ತಲೆ ಬಾಚಿ, ಕೊನೆಗೊಂದು ನೀತಿ ಅಂಟಿಸಿ ಕತೆ ಹೇಳುವವರಿದ್ದಾರೆ. ನನಗೆ ಇದು ಸುತರಾಂ ಒಪ್ಪಿಗೆಯಿಲ್ಲ. ಜಮೈಕಾದಲ್ಲಿ ಕತೆ ಮುಗಿಸುವಾಗ 'ಜ್ಯಾಕ್ ಮಂಡೋರಾ, ಮಿ ನೋ ಚೂಸ್ ನನ್' ಎನ್ನುತ್ತಿದ್ದರು. ಕತೆ ಇರೋದೇ ಹೀಗೆ, ನನ್ನನ್ನು ಹಿಡ್ಕೋಬೇಡಿ ಅಂತ. ಅಲ್ಲಿಗೆ ಹೇಳುವವರ ಕೆಲಸ ಮುಗೀತು. ಸರಿ ತಪ್ಪು ಮಕ್ಕಳು ಯೋಚಿಸಿಕೊಳ್ಳುತ್ತಾರೆ, ಅವರೇನು ದಡ್ಡರಲ್ಲ. ಲೋಕದ ಬುದ್ಧಿಯನ್ನೆಲ್ಲ ಗಡಿಗೆಯಲ್ಲಿ ತುಂಬಿ, ಹೊಟ್ಟೆ ಮೇಲೆ ಕಟ್ಟಿಕೊಂಡು ಮರ ಹತ್ತಲಾಗದೆ ಒದ್ದಾಡುವ ಅನಾನ್ಸಿಗೆ 'ಬೆನ್ನಿಗೆ ಕಟ್ಟಿಕೋ ಅಪ್ಪಾ' ಅಂತ ಹೇಳಿಕೊಡೋದು ಅವನ ಮಗನೇ ಅಲ್ವಾ?

ಭಾಷೆ ವಿಷಯದಲ್ಲೂ ಇದೇ ಜಗಳ. ಶಾಲೆಯಲ್ಲಿ ಮರ್ಯಾದೆ ಇಂಗ್ಲಿಷ್‌ಗೆ. ಮನೆಯಲ್ಲಿ ಆಡುವ ಪಾಟ್ವಾ, ಅಂದರೆ ಇಂಗ್ಲಿಷ್ ಜೊತೆ ಆಫ್ರಿಕಾದ ಮಾತುಗಳು ಬೆರೆತ ಜಮೈಕಾದ ಆಡುಭಾಷೆ, ಬರೀ 'ಕೆಟ್ಟ ಇಂಗ್ಲಿಷ್' ಅನ್ನಿಸಿಕೊಂಡಿತ್ತು. ಅಂಥ ಕಾಲದಲ್ಲಿ ಮಿಸ್ ಲೂ, ಅಂದರೆ ಜಮೈಕಾದ ಕವಯಿತ್ರಿ ಲೂಯಿಸ್ ಬೆನೆಟ್, ಅದೇ ಭಾಷೆಯಲ್ಲಿ ಪದ್ಯ ಬರೆದರು, ಹಾಡಿದರು. 1970ರಿಂದ 1982ರವರೆಗೆ ಜಮೈಕಾದ ಟಿವಿಯಲ್ಲಿ 'ರಿಂಗ್ ಡಿಂಗ್' ಅನ್ನುವ ಮಕ್ಕಳ ಕಾರ್ಯಕ್ರಮ ನಡೆಸಿದರು. ಮಕ್ಕಳನ್ನು ಸೇರಿಸಿಕೊಂಡು ಹಾಡು, ಕತೆ, ಹರಟೆ, ಎಲ್ಲ ಮನೆಮಾತಿನಲ್ಲೇ. ನಾಚಿಕೆ ಪಡಬೇಕು ಅಂತ ಕಲಿಸಿದ್ದ ಮಾತು ಟಿವಿಯಲ್ಲಿ ಕೇಳಿದಾಗ ಆ ಮಕ್ಕಳಿಗೆ ಹೇಗಾಗಿರಬೇಡ! ನೂರು ಭಾಷಣಕ್ಕಿಂತ ಇದೇ ದೊಡ್ಡ ಕೆಲಸ ಅನ್ನೋದು ನನ್ನ ಅಭಿಪ್ರಾಯ.

ಟ್ರಿನಿಡಾಡ್, ಗ್ರೆನಡಾ ಕಡೆ ಕತೆ ಹೇಳುವವರು 'ಕ್ರಿಕ್!' ಅಂದರೆ ಮಕ್ಕಳು 'ಕ್ರ್ಯಾಕ್!' ಅಂತ ಕೂಗಬೇಕು. ಸುಮ್ನೆ ಕೂತು ಕೇಳೋ ಹಾಗಿಲ್ಲ. ಇಂಥ ಕತೆಗಳ ಅನಿಮೇಷನ್‌ಗೆ ಈ ಕಾಟವಿಲ್ಲ, ಮಗು ನಿದ್ದೆ ಹೋದರೂ ಅದರ ಪಾಡಿಗೆ ಓಡುತ್ತಿರುತ್ತದೆ. ಅದೂ ಬರಲಿ, ಬೇಡ ಅನ್ನಲ್ಲ. ಆದರೆ ಲಂಡನ್ನಿನಲ್ಲೋ ಬ್ರೂಕ್ಲಿನ್‌ನಲ್ಲೋ ಬೆಳೆಯುವ ಮೊಮ್ಮಗುವಿಗೆ ಅಜ್ಜಿ ವಿಡಿಯೋ ಕಾಲ್‌ನಲ್ಲಿ ಅರ್ಧಂಬರ್ಧ ನೆನಪಿರುವ ಕತೆ ಹೇಳಿ, ಮಗು ಅಡ್ಡಡ್ಡ ಪ್ರಶ್ನೆ ಕೇಳಿ, ಅಜ್ಜಿ ಕತೆಯನ್ನೇ ತಿರುಚಿ ಮುಂದುವರಿಸಿದರೆ ಅದರ ಮಜಾನೇ ಬೇರೆ. ಅಪ್ಪ ಅಮ್ಮ ನಡುವೆ ಬಾಯಿ ಹಾಕಿ 'ಇದರಿಂದ ಏನು ಕಲಿತೆ ಪುಟ್ಟಾ?' ಅಂತ ಕೇಳದಿದ್ದರೆ ಸಾಕು.