ಜವಳಿಗೆ ಬಂದವರು ಕೂರೋದೆಲ್ಲಿ?

ದಾವಣಗೆರೆಯ ಹಳೇ ಪೇಟೆಗೆ ಮತ್ತೆ ಕಳೆ ತರಬೇಕು ಅನ್ನೋ ಮಾತು ಎದ್ದಾಗಲೆಲ್ಲ ಮೊದಲು ಬರೋದು ರಸ್ತೆ ಅಗಲೀಕರಣ. ಅದರ ಹಿಂದೆ ಪಾರ್ಕಿಂಗ್, ಅದರ ಹಿಂದೆ ಅಲಂಕಾರದ ದೀಪದ ಕಂಬ. ಮೂರೂ ಗಾಡಿ ತಗೊಂಡು ಪೇಟೆಗೆ ಬರೋರ ಬೇಡಿಕೆಗಳು. ಆದರೆ ಚೌಕಿಪೇಟೆ, ಮಂಡಿಪೇಟೆ, ಕಾಳಿಕಾದೇವಿ ರಸ್ತೆಯ ಅಂಗಡಿಗಳ ಗಲ್ಲಾ ತುಂಬಿಸೋರು ಯಾರು? ಮದುವೆ ಕಾಲದಲ್ಲಿ ಬೆಳಗ್ಗೆ ಹನ್ನೊಂದರ ಸುಮಾರಿಗೆ ಅಲ್ಲಿ ನಿಂತು ನೋಡಿದರೆ ಗೊತ್ತಾಗುತ್ತೆ. ಜಗಳೂರು, ಹರಪನಹಳ್ಳಿ, ಚನ್ನಗಿರಿ, ಹೊನ್ನಾಳಿ, ಮಾಯಕೊಂಡ, ಆನಗೋಡು ಕಡೆಯಿಂದ ಬಸ್ಸಿಗೆ ಬಂದ ಹೆಂಗಸರು. ಕಂಕುಳಲ್ಲಿ ಕೂಸು, ಕೈಯಲ್ಲಿ ಖಾಲಿ ಚೀಲ, ಜೊತೆಗೆ ಒಬ್ಬ ಅಜ್ಜಿ. ಪೇಟೆಯ ಯೋಜನೆ ಇವರು ನಡೆಯೋ ದಾರಿಯಿಂದ ಶುರುವಾಗಬೇಕು ಅಂತ ನನ್ನ ವಾದ. ಹಾಗೆ ಶುರುವಾಗದ ಯೋಜನೆಗೆ ಎಷ್ಟು ಕೋಟಿ ಸುರಿದರೂ ಪೇಟೆ ಸೊರಗುತ್ತಲೇ ಹೋಗುತ್ತೆ.

ನಮ್ಮ ಕಡೆ ಜವಳಿ ತೆಗೆಯೋದು ಅಂದರೆ ಏನು ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. ಗಂಡಿನ ಕಡೆಯವರು, ಹೆಣ್ಣಿನ ಕಡೆಯವರು ಸೇರಿ ಹತ್ತು ಹದಿನೈದು ಜನ ಒಟ್ಟಿಗೆ ಬರ್ತಾರೆ. ಧಾರೆ ಸೀರೆಗೇ ಅರ್ಧ ದಿನ. ಬೀಗರ ಸೀರೆ, ಮುಯ್ಯಿಗೆ ಕೊಡೋ ಸೀರೆ, ಕುಪ್ಪಸದ ಖಣ, ಪಂಚೆ, ಶಲ್ಯ, ಟವೆಲು ಆದಮೇಲೆ ತಾಳಿ ಕಾಲುಂಗುರಕ್ಕೆ ಬಂಗಾರದ ಅಂಗಡಿ. ಆಮೇಲೆ ಪಾತ್ರೆ, ಬಳೆ, ಕೊನೆಗೆ ಅಡುಗೆಯವರು ಬರೆದುಕೊಟ್ಟ ಕಿರಾಣಿ ಚೀಟಿ. ಒಂದು ಮದುವೆಯ ಬೇಕುಬೇಡವೆಲ್ಲ ನಡೆದು ಹೋಗುವಷ್ಟು ದೂರದಲ್ಲಿ ಸಿಗುತ್ತೆ ಅನ್ನೋದೇ ಈ ಪೇಟೆಯ ಬಲ. ಜವಳಿ ಅಂಗಡಿಯ ಯಜಮಾನರಿಗೆ ಗಿರಾಕಿಯ ಮಾವನ ಹೆಸರು, ಮನೆತನ, ಹಿಂದಿನ ಮದುವೆಗೆ ತಗೊಂಡ ಸೀರೆಯ ಬಣ್ಣ ಎಲ್ಲ ನೆನಪಿರುತ್ತೆ. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರು ತಂದುಕೊಟ್ಟ ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ ಮೇಲೂ ಊರಿನ ಬಟ್ಟೆ ವ್ಯಾಪಾರ ನಿಂತಿರೋದು ಈ ನಂಬಿಕೆಯ ಮೇಲೆ.

ಅಂಥ ಪೇಟೆ ಬಿಟ್ಟು ಜನ ದೊಡ್ಡ ರಸ್ತೆಗಳ ಶೋರೂಮಿಗೆ ಯಾಕೆ ಹೋಗ್ತಿದ್ದಾರೆ? ಹೋದ ಬೇಸಿಗೆಯಲ್ಲಿ ಚೌಕಿಪೇಟೆಯ ಮುಚ್ಚಿದ ಅಂಗಡಿಯೊಂದರ ಮೆಟ್ಟಿಲ ಮೇಲೆ ಕೂತಿದ್ದ ಜಗಳೂರು ಕಡೆಯ ತಾಯಿ ಮಗಳನ್ನ ಮಾತಾಡಿಸಿದ್ದೆ. ಮಗಳ ತೊಡೆ ಮೇಲೆ ಆರೇಳು ತಿಂಗಳ ಕೂಸು, ಮೇಲೆ ಸೆರಗಿನ ನೆರಳು. ಅವರಿಂದ ಮಾರು ದೂರದಲ್ಲಿ ಲಗೇಜ್ ಆಟೋ ಒಂದು ಹೊಗೆ ಬಿಡ್ತಾ ನಿಂತಿತ್ತು. ನಾದಿನಿ ಮದುವೆ ಜವಳಿ ಶೋರೂಮಿನಲ್ಲೇ ತೆಗೆದರಂತೆ. ‘ಅಲ್ಲೇನು ರೇಟು ಕಮ್ಮಿನಾ ಅಕ್ಕ?’ ಅಂದೆ. ತಾಯಿ ಹೇಳಿದ್ದು ಇಷ್ಟು: ‘ರೇಟು ಇಲ್ಲೇ ಕಮ್ಮಿ ಐತಿ ನೋಡವ್ವ. ಅಲ್ಲಿ ಬಾತ್‌ರೂಮ್ ಐತಿ. ಕೂಸಿಗೆ ಹಾಲು ಕುಡಿಸಾಕೆ ಮರೆ ಐತಿ. ಇಲ್ಲಿಗೆ ಬರೋ ದಿನ ನಾನು ಬೆಳಗಿಂದ ನೀರೇ ಕುಡಿಯಲ್ಲ.’

ಈ ಕೊನೆಯ ಮಾತು ಇನ್ನೂ ನನ್ನ ತಲೆಯಿಂದ ಹೋಗಿಲ್ಲ. ನಮ್ಮೂರಿನ ಏಪ್ರಿಲ್ ಬಿಸಿಲು ಹೇಗಿರುತ್ತೆ ಅಂತ ನಮಗೆ ಗೊತ್ತು. ಆ ಬಿಸಿಲಲ್ಲಿ ಮೂತ್ರಕ್ಕೆ ಹೋಗೋಕೆ ಜಾಗ ಇಲ್ಲ ಅಂತ ದಿನವಿಡೀ ನೀರು ಕುಡಿಯದೆ ಓಡಾಡೋ ಹೆಂಗಸರ ಮೇಲೆ ನಮ್ಮ ಪೇಟೆಯ ವ್ಯಾಪಾರ ನಿಂತಿದೆ. ಮಾರುಕಟ್ಟೆ ಕುಸಿತಕ್ಕೆ ಆನ್‌ಲೈನ್ ಕಾರಣ, ಮಾಲ್ ಕಾರಣ ಅಂತೆಲ್ಲ ಹೇಳ್ತೀವಿ. ಅವೂ ಇರಬಹುದು. ಆದರೆ ಬಾಗಿಲಿಗೆ ಬಂದ ಗಿರಾಕಿಗೆ ಒಂದು ಶೌಚಾಲಯ, ಒಂದು ಬೆಂಚು, ಒಂದು ಲೋಟ ನೀರು ಕೊಡದೆ ಕಳಿಸ್ತಿರೋದು ನಾವೇ.

ಹಣ ಇರಲಿಲ್ಲ ಅನ್ನೋ ಹಾಗೂ ಇಲ್ಲ. 2015ರ ಜೂನ್ 25ರಂದು ಸ್ಮಾರ್ಟ್ ಸಿಟಿ ಮಿಷನ್ ಶುರುವಾಯ್ತು. 2016ರ ಜನವರಿಯಲ್ಲಿ ಮೊದಲ 20 ನಗರಗಳ ಪಟ್ಟಿ ಬಂದಾಗ ಅದರಲ್ಲಿ ಬೆಳಗಾವಿಯ ಜೊತೆ ದಾವಣಗೆರೆಯ ಹೆಸರೂ ಇತ್ತು. ನಾವೆಲ್ಲ ಹಿಗ್ಗಿದ್ದೆವು. ಕೇಂದ್ರದಿಂದ ನಗರಕ್ಕೆ 500 ಕೋಟಿವರೆಗೆ, ಅಷ್ಟೇ ಪಾಲು ರಾಜ್ಯದ ಕಡೆಯಿಂದ ಅನ್ನೋದು ಮಿಷನ್ನಿನ ಲೆಕ್ಕ. ಪ್ರಸ್ತಾವನೆಯಲ್ಲಿ ಮಂಡಿಪೇಟೆ ಸುತ್ತಲಿನ ಹಳೇ ಊರೂ ಇತ್ತು, ಮಂಡಕ್ಕಿ ಹುರಿಯೋ ಒಲೆಗಳಿರೋ ಮಂಡಕ್ಕಿ ಭಟ್ಟಿಯೂ ಇತ್ತು. ಮತ್ತೆ ಮತ್ತೆ ಗಡುವು ಮುಂದೂಡಿ 2025ರ ಮಾರ್ಚ್ 31ಕ್ಕೆ ಮಿಷನ್ ಮುಗಿಯಿತು. ರಸ್ತೆ, ಚರಂಡಿ, ಕಲ್ಲು ಹಾಸಿದ ಫುಟ್‌ಪಾತು ಬಂದವು. ಅವು ಬೇಕಿತ್ತು, ಬೇಡ ಅನ್ನಲ್ಲ. ಆದರೆ ಫುಟ್‌ಪಾತು ಹಾಕಿದ ಮೇಲೆ ಅದರ ಮೇಲೆ ಯಾರು ನಡೆಯಬೇಕು, ಯಾರು ನಿಲ್ಲಬೇಕು, ಸರಕು ಯಾವ ಹೊತ್ತಿಗೆ ಇಳಿಯಬೇಕು ಅನ್ನೋದು ಯಾರ ಕೆಲಸವೂ ಆಗಲಿಲ್ಲ. ಈಗ ಅಲ್ಲಿ ನಿಂತಿರೋವು ಬೈಕುಗಳು.

ಯಾರ ಬೈಕುಗಳು ಅವು? ವರ್ತಕ ಮಿತ್ರರಿಗೆ ಬೇಸರ ಆಗಬಹುದು, ಆದರೂ ಹೇಳ್ತೀನಿ. ಬೆಳಗ್ಗೆ ಶಟರ್ ಎತ್ತುವ ಹೊತ್ತಿಗೆ ಬಂದು ರಾತ್ರಿ ಇಳಿಸುವವರೆಗೂ ಕದಲದೆ ನಿಲ್ಲೋ ಬೈಕು ಗಿರಾಕಿಯದಲ್ಲ. ಅಂಗಡಿಯವರದ್ದು, ಅಂಗಡಿ ಹುಡುಗರದ್ದು. ತಮ್ಮ ಅಂಗಡಿಯ ಮುಂದೆ ಗಿರಾಕಿ ನಿಲ್ಲೋ ಜಾಗವನ್ನು ತಾವೇ ತುಂಬಿಸಿ, ಪಾರ್ಕಿಂಗ್ ಇಲ್ಲದೆ ವ್ಯಾಪಾರ ಹಾಳಾಯ್ತು ಅಂದರೆ ಹೇಗೆ? ಅಂಗಡಿಯವರ ಗಾಡಿಗಳಿಗೆ ಪೇಟೆಯ ಅಂಚಿನಲ್ಲಿ ಒಂದು ಜಾಗ ಗೊತ್ತುಮಾಡಿ, ತಿಂಗಳ ಪಾಸು ಕೊಟ್ಟರೆ ಅರ್ಧ ರಸ್ತೆ ಒಂದೇ ದಿನದಲ್ಲಿ ಖಾಲಿಯಾಗುತ್ತೆ. ಕಟ್ಟಡ ಒಡೆಯೋದು ಬೇಡ, ಪರಿಹಾರ ಕೊಡೋದು ಬೇಡ, ಕೋರ್ಟು ಅಲೆಯೋದು ಬೇಡ.

ಸರಕಿನ ಗಾಡಿಗಳ ಗೋಳು ಇನ್ನೊಂದು. ಮಧ್ಯಾಹ್ನ ಹನ್ನೆರಡಕ್ಕೆ, ಜನ ಕಿಕ್ಕಿರಿದಿರುವಾಗಲೇ, ಕಿರಾಣಿ ಸಗಟು ಅಂಗಡಿ ಮುಂದೆ ಲಾರಿ ನಿಲ್ಲುತ್ತೆ. ಹಮಾಲರು ಕೊಕ್ಕೆ ಹಾಕಿ ಸಕ್ಕರೆ ಮೂಟೆ ಬೆನ್ನಿಗೆ ಏರಿಸಿಕೊಂಡು ‘ಸರೀರಿ, ಸರೀರಿ’ ಅಂತ ಜನರ ನಡುವೆ ನುಗ್ಗಬೇಕು. ಆ ತೂಕ ಹೊತ್ತವರಿಗೆ ಜನ ದಾರಿ ಬಿಡೋದನ್ನ ಕಾಯ್ತಾ ನಿಲ್ಲೋದು ಹಿಂಸೆ, ಜನರಿಗೂ ಹಿಂಸೆ. ದೆಹಲಿಯ ಚಾಂದನಿ ಚೌಕದಲ್ಲಿ ಕೆಂಪು ಕೋಟೆಯಿಂದ ಫತೇಪುರಿ ಮಸೀದಿವರೆಗಿನ ರಸ್ತೆಗೆ 2021ರಲ್ಲಿ ಹೊಸ ರೂಪ ಕೊಟ್ಟಾಗ ಬೆಳಗ್ಗೆ 9ರಿಂದ ರಾತ್ರಿ 9ರವರೆಗೆ ಮೋಟಾರು ಗಾಡಿ ಬರಬಾರದು ಅಂತ ನಿಯಮ ಮಾಡಿದರು. ಅದು ನಮ್ಮ ಮಂಡಿಪೇಟೆಗಿಂತ ಎಷ್ಟೋ ದೊಡ್ಡ ಸಗಟು ಪೇಟೆ. ನಮಗೆ ಅಷ್ಟು ಬಿಗಿ ಬೇಕಿಲ್ಲ. ಬೆಳಗ್ಗೆ ಹತ್ತರೊಳಗೆ, ಇಲ್ಲವೇ ರಾತ್ರಿ ಎಂಟರ ಮೇಲೆ ಸರಕು ಇಳಿಸಿ ಅಂದರೆ ಸಾಕು. ಆದರೆ ಹೊತ್ತು ಗೊತ್ತುಮಾಡೋ ಮುಂಚೆ ಹಮಾಲರನ್ನೂ ಕೂರಿಸಿ ಕೇಳಬೇಕು. ರಾತ್ರಿ ಕೆಲಸಕ್ಕೆ ಕೂಲಿ ಎಷ್ಟು, ಮನೆಗೆ ಹೋಗೋದು ಹೇಗೆ ಅನ್ನೋದು ಅವರ ಪ್ರಶ್ನೆ. ಅದಕ್ಕೆ ಉತ್ತರ ಇಲ್ಲದ ನಿಯಮ ವಾರವೂ ಬಾಳಲ್ಲ.

ಗಾಡಿ ಬಿಡದಿದ್ದರೆ ವ್ಯಾಪಾರ ಸತ್ತೇ ಹೋಗುತ್ತೆ ಅನ್ನೋರಿಗೆ ದುಗ್ಗಮ್ಮನ ಜಾತ್ರೆ ನೆನಪಿಸ್ತೀನಿ. ಎರಡು ವರ್ಷಕ್ಕೊಮ್ಮೆ ತಾಯಿ ಜಾತ್ರೆ ಬಂದಾಗ ಹಳೇ ಊರಿನ ರಸ್ತೆಗಳಲ್ಲಿ ಜನವೋ ಜನ. ಗುಡಿಯ ಸುತ್ತ ಗಾಡಿ ಒಳಗೆ ಬರೋ ಮಾತೇ ಇಲ್ಲ. ಬೀಗರು ಬಿಜ್ಜರು ದೂರದಲ್ಲಿ ಇಳಿದು ನಡೆದೇ ಬರ್ತಾರೆ. ಆ ದಿನಗಳಲ್ಲಿ ಬಳೆ ಅಂಗಡಿಯವರು, ಮಿಠಾಯಿ ಅಂಗಡಿಯವರು ಯಾರಾದರೂ ವ್ಯಾಪಾರ ಇಲ್ಲ ಅಂದದ್ದನ್ನ ಕೇಳಿದ್ದೀರಾ?

ಇನ್ನು ಬಸ್ಸಿನ ವಿಚಾರ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಖರ್ಚು ಉಳಿಯಿತು. ಬಸ್ಸಿಗೆ ಹೋಗ್ತಿದ್ದ ದುಡ್ಡು ಈಗ ಪೇಟೆಯಲ್ಲಿ ಖರ್ಚಾಗಬಹುದು. ಬೇರೆ ಊರುಗಳ ವರ್ತಕರು ಇದನ್ನ ಅವಕಾಶ ಅಂತ ನೋಡಬೇಕು, ನಾವೂ ನೋಡಬೇಕು. ಬಸ್ ನಿಲ್ದಾಣದಿಂದ ಚೌಕಿಪೇಟೆವರೆಗೆ ನೆರಳಿರೋ ಒಂದು ನಡಿಗೆ ದಾರಿ, ಅಡ್ಡ ದಾಟೋಕೆ ಸಿಗ್ನಲ್, ಮಂಡಿನೋವಿನ ಅಜ್ಜಿಗೆ ಹತ್ತು ನಿಮಿಷಕ್ಕೊಂದು ಬ್ಯಾಟರಿ ಗಾಡಿ, ಖರೀದಿ ಮಾಡಿದ ಗಂಟುಗಳನ್ನ ಸಂಜೆವರೆಗೆ ಇಟ್ಟುಕೊಳ್ಳೋ ಒಂದು ಕೋಣೆ. ಈ ಕೋಣೆ ಸಣ್ಣದು ಅನ್ನಿಸಬಹುದು. ಐದು ಕೆಜಿ ಪಾತ್ರೆ ಹೊತ್ತು ಬಳೆ ಅಂಗಡಿಗೆ ಹೋಗೋಕೆ ಆಗದೆ ಬಳೆಯನ್ನೇ ಬಿಟ್ಟು ಹೋಗೋರನ್ನ ಕಂಡವರಿಗೆ ಸಣ್ಣದು ಅನ್ನಿಸಲ್ಲ.

ಬೀದಿ ಬದಿಯವರನ್ನ ಎತ್ತಂಗಡಿ ಮಾಡಿದರೆ ಪೇಟೆ ಚೊಕ್ಕಟ ಆಗುತ್ತೆ ಅನ್ನೋ ಮಾತು ನನಗೆ ಒಪ್ಪಿಗೆ ಇಲ್ಲ. ಹೂವಿನ ಮಾರು, ನಿಂಬೆಹಣ್ಣು, ಮಂಡಕ್ಕಿ ಮಿರ್ಚಿ ಇಲ್ಲದ ಪೇಟೆಗೆ ನಮ್ಮ ಜನ ಬರೋದೂ ಇಲ್ಲ, ಬಂದರೆ ನಿಲ್ಲೋದೂ ಇಲ್ಲ. ಬೀದಿ ವ್ಯಾಪಾರಿಗಳ ಬಗ್ಗೆ ಇರೋ 2014ರ ಕೇಂದ್ರ ಕಾಯ್ದೆಯೇ ಅವರ ಪರ ಇದೆ. ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ಆಗಬೇಕು, ಪಟ್ಟಣ ಮಾರಾಟ ಸಮಿತಿಯಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಂತೆ ಬೀದಿ ವ್ಯಾಪಾರಿಗಳೇ ಇರಬೇಕು, ಅದರಲ್ಲಿ ಮೂರನೇ ಒಂದು ಭಾಗ ಹೆಂಗಸರು ಇರಬೇಕು ಅಂತ ಅದರಲ್ಲೇ ಬರೆದಿದೆ. ಪೇಟೆಯ ನಕ್ಷೆ ಬರೆಯೋ ದಿನ ಆ ಹೆಂಗಸರು ಮೇಜಿನ ಮುಂದೆ ಕೂತಿರಬೇಕು. ತಳ್ಳುಗಾಡಿ ಎಲ್ಲಿ ನಿಂತರೆ ಜನರ ದಾರಿಗೆ ಅಡ್ಡ ಆಗಲ್ಲ ಅಂತ ಬೆಂಗಳೂರಿನ ಕನ್ಸಲ್ಟೆಂಟಿಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಮಹಡಿ ಮನೆಗಳ ಬಗ್ಗೆಯೂ ಒಂದು ಮಾತು. ಮೊದಲು ಅಂಗಡಿ ಕೆಳಗೆ, ಸಂಸಾರ ಮೇಲೆ. ಬಡಾವಣೆಗಳು ಎದ್ದ ಹಾಗೆ ಸಂಸಾರಗಳು ಅತ್ತ ಹೋದವು, ಮೇಲಿನ ಮನೆಗಳು ಗೋಡೌನ್ ಆದವು. ಹಳೇ ಮರದ ತೊಲೆ, ಒಳಗೆ ರಟ್ಟಿನ ಡಬ್ಬಿ, ಹಳೇ ವೈರಿಂಗು. ಬೆಂಕಿ ಬಿದ್ದರೆ ಏನು ಗತಿ ಅನ್ನೋ ಭಯ ಒಂದು ಕಡೆ. ಶಟರ್ ಇಳಿದ ಮೇಲೆ ಬೀದಿಯಲ್ಲಿ ದೀಪ ಹಚ್ಚೋರು ಇಲ್ಲ ಅನ್ನೋದು ಇನ್ನೊಂದು ಕಡೆ. ಓದೋಕೆ, ಕೆಲಸಕ್ಕೆ ಅಂತ ಊರಿಗೆ ಬರೋ ಹುಡುಗ ಹುಡುಗಿಯರಿಗೆ ಬಾಡಿಗೆ ಕೋಣೆ ಬೇಕು. ಮಹಡಿ ರಿಪೇರಿ ಮಾಡಿ ವಾಸಕ್ಕೆ ಕೊಡೋ ಮಾಲೀಕರಿಗೆ ಕೆಲವು ವರ್ಷ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ ಕೊಡೋಣ.

ಇಷ್ಟೆಲ್ಲ ನೋಡಿಕೊಳ್ಳೋಕೆ ಒಬ್ಬರು ಬೇಕು. ಅಮೆರಿಕದಲ್ಲಿ 1977ರಲ್ಲಿ ಗೇಲ್ಸ್‌ಬರ್ಗ್, ಮ್ಯಾಡಿಸನ್, ಹಾಟ್ ಸ್ಪ್ರಿಂಗ್ಸ್ ಅನ್ನೋ ಮೂರು ಸಣ್ಣ ಊರುಗಳಲ್ಲಿ ಹಳೇ ಪೇಟೆ ಉಳಿಸೋ ಪ್ರಯೋಗ ಶುರು ಮಾಡಿದಾಗ ಊರಿಗೊಬ್ಬ ಪೂರ್ಣಾವಧಿ ಮೇಲ್ವಿಚಾರಕರನ್ನ ನೇಮಿಸಿದ್ದರು. ಅಲ್ಲಿಯ ಊರು ಬೇರೆ, ಜನ ಬೇರೆ, ಆದರೆ ಈ ಒಂದು ಉಪಾಯ ನಮಗೂ ಹೊಂದುತ್ತೆ. ನಮ್ಮಲ್ಲಿ ಚರಂಡಿಗೆ ಒಬ್ಬರು, ದೀಪಕ್ಕೆ ಒಬ್ಬರು, ಟ್ರಾಫಿಕ್ಕಿಗೆ ಇನ್ನೊಬ್ಬರು. ಪೇಟೆಗೆ ಅಂತ ಯಾರೂ ಇಲ್ಲ. ಪಾಲಿಕೆ ಅರ್ಧ ಸಂಬಳ, ವರ್ತಕರು ಅರ್ಧ ಸಂಬಳ ಹಾಕಿ, ಚೌಕಿಪೇಟೆಯಲ್ಲೇ ಒಂದು ಕೋಣೆ ಕೊಟ್ಟು, ದಿನಾ ಬೀದಿ ಸುತ್ತೋ ಒಬ್ಬರನ್ನ ಇಡೋಣ. ಶೌಚಾಲಯದ ಬೀಗದ ಕೈ ಯಾರ ಹತ್ತಿರ ಇದೆ ಅಂತ ಅವರಿಗೆ ಗೊತ್ತಿದ್ದರೆ ಸಾಕು, ಮೊದಲ ವರ್ಷದ ಸಂಬಳ ಸಾರ್ಥಕ.

ಮುಂದಿನ ಮದುವೆ ಕಾಲಕ್ಕೆ ಮೊದಲು ಆಗಬೇಕಾದ್ದು ಹೆಂಗಸರೇ ನೋಡಿಕೊಳ್ಳೋ ಎರಡು ಶೌಚಾಲಯ, ಪಕ್ಕದಲ್ಲೇ ಕೂಸಿಗೆ ಹಾಲು ಕುಡಿಸೋ ಕೋಣೆ, ಕುಡಿಯೋ ನೀರು, ನೆರಳಲ್ಲಿ ಬೆಂಚು. ಪೇಟೆಯಲ್ಲಿ ಖಾಲಿ ಬಿದ್ದಿರೋ ಮಳಿಗೆಗಳಿವೆ, ಹೊಸದಾಗಿ ಕಟ್ಟೋದೇ ಬೇಕಿಲ್ಲ. ಜಾಗ ಕೊಡೋಕೆ ಮನಸ್ಸಿರೋ ವರ್ತಕರು ದಯವಿಟ್ಟು ಮುಂದೆ ಬನ್ನಿ, ವರ್ತಕರ ಸಭೆಯಲ್ಲಿ ಈ ಮಾತು ಎತ್ತಿ. ಹಳ್ಳಿಯಿಂದ ಜವಳಿಗೆ ಬಂದಿರೋ ಅಕ್ಕಂದಿರು, ನೀವು ಎಲ್ಲಿ ಕೂತಿರಿ, ಕೂಸಿಗೆ ಎಲ್ಲಿ ಹಾಲು ಕುಡಿಸಿದಿರಿ, ಯಾವ ರಸ್ತೆ ದಾಟೋಕೆ ಹೆದರಿದಿರಿ ಅಂತ ಬರೆದು ಕಳಿಸಿ. ಎಲ್ಲವನ್ನೂ ಬೀದಿವಾರು ಜೋಡಿಸಿ ಪಾಲಿಕೆಗೂ ವರ್ತಕರಿಗೂ ಕೊಡೋ ಕೆಲಸ ನನ್ನದು.